ಮಧ್ಯಮ ಬೆಲೆಯ ಎರಡು ಆಂಡ್ರಾಯ್ಡ್ ಫೋನುಗಳು: ವಿವರಪಟ್ಟಿಯಲ್ಲಿ ಕಾಣದ್ದನ್ನು ಅಳೆಯುವುದು ಹೇಗೆ?

ನಿಧಾನಿ (ಪ್ರಶ್ನೆ)

ನನ್ನ ಈಗಿನ ಫೋನಿಗೆ ನಾಲ್ಕು ವರ್ಷ ತುಂಬಿದೆ. ಕರೆ ಬಂದರೆ ಮೊದಲು ಗಂಟೆ ಬಾರಿಸುತ್ತದೆ, ಯಾರ ಕರೆ ಎಂಬುದು ಪರದೆಯ ಮೇಲೆ ಮೂಡಲು ಮತ್ತೆ ಮೂರ್ನಾಲ್ಕು ಸೆಕೆಂಡು ಬೇಕಾಗುತ್ತದೆ. ಹಿನ್ನೆಲೆಯಲ್ಲಿ ಯಾವುದಾದರೂ ಆ್ಯಪ್ ಅಪ್‌ಡೇಟ್ ಆಗುತ್ತಿದ್ದರಂತೂ ಕೀಬೋರ್ಡ್ ಕೂಡ ತಡವರಿಸುತ್ತದೆ. ಕೊಂಡ ಹೊಸತರಲ್ಲಿ ಇದರ ವಿವರಪಟ್ಟಿ ಚೆನ್ನಾಗಿಯೇ ಇತ್ತು, ವಿಮರ್ಶೆಗಳೂ ಹೊಗಳಿದ್ದವು, ಮೊದಲ ವರ್ಷ ನಾನೂ ದೂರಲಿಲ್ಲ. ಎರಡನೆಯ ವರ್ಷದಿಂದ ಶುರುವಾದ ಈ ಎಳೆದಾಟಕ್ಕೆ ಕಾರಣವೇನೆಂದು ತಿಳಿದುಕೊಳ್ಳದೆ ಹೊಸದನ್ನು ಕೊಂಡರೆ ಮತ್ತೆ ಅದೇ ಹಳ್ಳಕ್ಕೆ ಬೀಳುತ್ತೇನೇನೋ ಎಂಬ ಅಳುಕು ನನ್ನದು.

ಸದ್ಯಕ್ಕೆ ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಫೋನುಗಳನ್ನು ಗುರುತು ಹಾಕಿಕೊಂಡಿದ್ದೇನೆ. ಮೊದಲನೆಯದರಲ್ಲಿ 108 ಮೆಗಾಪಿಕ್ಸೆಲ್ ಕ್ಯಾಮೆರಾ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ "16 ಜಿಬಿ ರ‍್ಯಾಮ್", 256 ಜಿಬಿ ಸ್ಟೋರೇಜ್ ಮತ್ತು 67 ವ್ಯಾಟ್ ಚಾರ್ಜಿಂಗ್ ಇವೆ. ಆ 16ರಲ್ಲಿ 8 ಮಾತ್ರ ನಿಜವಾದದ್ದು, ಉಳಿದ 8 "ವರ್ಚುವಲ್" ಎಂದು ಕೆಳಗೆ ಸಣ್ಣಕ್ಷರದಲ್ಲಿ ಒಪ್ಪಿಕೊಂಡಿದ್ದಾರೆ. ಎರಡನೆಯದರಲ್ಲಿ ಒಐಎಸ್ (ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಇರುವ 50 ಮೆಗಾಪಿಕ್ಸೆಲ್ ಕ್ಯಾಮೆರಾ, 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್ ಮತ್ತು 25 ವ್ಯಾಟ್ ಚಾರ್ಜಿಂಗ್ ಇವೆ. ಎರಡರಲ್ಲೂ 120 ಹರ್ಟ್ಸ್‌ನ ಅಮೊಲೆಡ್ ಪರದೆ ಮತ್ತು 5,000 ಎಂಎಎಚ್ ಬ್ಯಾಟರಿ ಇದೆ.

ನಾನು ಗೇಮ್ ಆಡುವುದಿಲ್ಲ. ಕರೆ, ಸಂದೇಶ, ಬ್ಯಾಂಕಿನ ಕೆಲಸ, ನಕ್ಷೆ, ಕಾಗದಪತ್ರಗಳ ಮತ್ತು ಮನೆಯವರ ಫೋಟೋ, ರಾತ್ರಿ ಒಂದಿಷ್ಟು ವಿಡಿಯೊ, ಇಷ್ಟೇ ನನ್ನ ಬಳಕೆ. ಕೊಂಡರೆ ಕನಿಷ್ಠ ನಾಲ್ಕು ವರ್ಷವಾದರೂ ಇಟ್ಟುಕೊಳ್ಳುವ ಇರಾದೆಯಿದೆ. ಸಂಖ್ಯೆಗಳನ್ನಷ್ಟೇ ನೋಡಿದರೆ ಮೊದಲನೆಯದೇ ಗೆಲ್ಲುತ್ತದೆ, ಆದರೆ ಹಿಂದೆಯೂ ನಾನು ಸಂಖ್ಯೆಗಳನ್ನು ನೋಡಿಯೇ ಕೈ ಸುಟ್ಟುಕೊಂಡಿದ್ದೇನೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ತಿರುಪುಳಿ

ನಿಧಾನಿಯವರೇ, ನೀವು ಹೇಳಿದ ರೋಗಲಕ್ಷಣ ನನಗೆ ಚೆನ್ನಾಗಿ ಪರಿಚಯವಿದೆ. ಅಪ್‌ಡೇಟ್ ಆಗುವಾಗ ಕೀಬೋರ್ಡ್ ತಡವರಿಸುತ್ತದೆ ಎಂದರೆ ನಾನು ಪ್ರೊಸೆಸರ್‌ಗಿಂತ ಮೊದಲು ಅನುಮಾನ ಪಡುವುದು ಸ್ಟೋರೇಜ್ ಚಿಪ್ಪನ್ನು. ಕಡಿಮೆ ಮತ್ತು ಮಧ್ಯಮ ಬೆಲೆಯ ಫೋನುಗಳಲ್ಲಿ ಎರಡು ಬಗೆಯ ಸ್ಟೋರೇಜ್ ಬರುತ್ತದೆ: ಹಳೆಯ ಇಎಂಎಂಸಿ ಮತ್ತು ಅದಕ್ಕಿಂತ ಹೊಸದಾದ ಯುಎಫ್‌ಎಸ್. ಇಎಂಎಂಸಿ ಎನ್ನುವುದು ಒಂದೇ ಗಾಡಿ ಹಿಡಿಸುವ ಸೇತುವೆಯಿದ್ದಂತೆ, ಆ ಕಡೆಯಿಂದ ಬರುವುದು ದಾಟಿ ಮುಗಿಯುವವರೆಗೆ ಈ ಕಡೆಯದು ಕಾದು ನಿಲ್ಲಬೇಕು. ಹಾಗಾಗಿ ಆ್ಯಪ್ ಒಂದು ದತ್ತಾಂಶವನ್ನು ಬರೆಯುತ್ತಿರುವಾಗ ನಿಮ್ಮ ಕೀಬೋರ್ಡ್ ತನಗೆ ಬೇಕಾದ ಪದಗಳ ಕಡತವನ್ನು ಓದಲು ಸರದಿಯಲ್ಲಿ ನಿಲ್ಲುತ್ತದೆ. ಯುಎಫ್‌ಎಸ್‌ನಲ್ಲಿ ಓದುವುದು ಮತ್ತು ಬರೆಯುವುದು ಏಕಕಾಲದಲ್ಲಿ ನಡೆಯಬಲ್ಲವು. ಇಎಂಎಂಸಿ 5.1ರ ಮೇಲ್ಮಿತಿ ಸೆಕೆಂಡಿಗೆ 400 ಎಂಬಿ, ಯುಎಫ್‌ಎಸ್ 2.2ರದ್ದು ಸುಮಾರು 1,200 ಎಂಬಿ. ಇವು ಕಾಗದದ ಮೇಲಿನ ಗರಿಷ್ಠ ಸಂಖ್ಯೆಗಳೇ ಆದರೂ ಅಂತರ ದಿನನಿತ್ಯದ ಬಳಕೆಯಲ್ಲಿ ಎದ್ದು ಕಾಣುತ್ತದೆ.

ಹೊಸತರಲ್ಲಿ ಇದು ಗೊತ್ತಾಗದಿರುವುದಕ್ಕೆ ಕಾರಣವಿದೆ. ಫ್ಲ್ಯಾಶ್ ಚಿಪ್ಪಿನಲ್ಲಿ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲಾಗದು, ಒಂದಿಡೀ ಖಂಡವನ್ನು ಅಳಿಸಿದ ಮೇಲೆಯೇ ಅಲ್ಲಿ ಬರೆಯಬಹುದು. ಖಾಲಿ ಜಾಗ ಧಾರಾಳವಾಗಿರುವಾಗ ಅಳಿಸುವ ಕೆಲಸವನ್ನು ಚಿಪ್ ಬಿಡುವಿನಲ್ಲಿ ಮಾಡಿಟ್ಟುಕೊಳ್ಳುತ್ತದೆ. ಫೋಟೋ, ವಿಡಿಯೊಗಳಿಂದ ಜಾಗ ತುಂಬಿದ ಮೇಲೆ ನಿಮ್ಮ ಕಣ್ಣೆದುರಿಗೇ, ನಿಮ್ಮನ್ನು ಕಾಯಿಸಿಕೊಂಡೇ ಮಾಡಬೇಕಾಗುತ್ತದೆ. ವಿಮರ್ಶೆ ಬರೆಯುವವರು ಹೊಚ್ಚಹೊಸ ಫೋನನ್ನು ಹತ್ತು ದಿನ ಬಳಸಿ ಹಿಂತಿರುಗಿಸುವುದರಿಂದ ಅವರಿಗೆ ಈ ಹಂತ ಎದುರಾಗುವುದೇ ಇಲ್ಲ.

ಇನ್ನು ಆ "ವರ್ಚುವಲ್" 8 ಜಿಬಿ. ಅದು ರ‍್ಯಾಮ್ ಅಲ್ಲ, ಸ್ಟೋರೇಜ್‌ನ ಒಂದು ಭಾಗವನ್ನೇ ರ‍್ಯಾಮ್‌ನ ಬದಲಿಗೆ ಕೂರಿಸಿದ್ದು. ಅಡುಗೆಮನೆಯ ಕಟ್ಟೆಯಲ್ಲಿ ಜಾಗ ಸಾಲದೆ ಪಾತ್ರೆಗಳನ್ನು ಅಟ್ಟಕ್ಕೆ ಏರಿಸಿದಂತೆ: ಪಾತ್ರೆಯೇನೋ ಮನೆಯಲ್ಲಿಯೇ ಇದೆ, ಪ್ರತಿಸಲ ಏಣಿ ಹತ್ತಬೇಕು ಅಷ್ಟೆ. ಅಟ್ಟ ಇಎಂಎಂಸಿಯದಾಗಿದ್ದರೆ ಏಣಿ ಇನ್ನೂ ಉದ್ದ. ಲೆಕ್ಕ ಹಾಕುವಾಗ 8 ಜಿಬಿ ಮತ್ತು 6 ಜಿಬಿ ಎಂದೇ ಹಾಕಿ. ಅಷ್ಟಾದರೂ ಮೊದಲನೆಯದಕ್ಕೆ 2 ಜಿಬಿಯ ಮೇಲುಗೈ ಇದೆ, ಅದನ್ನು ಅಲ್ಲಗಳೆಯುವುದಿಲ್ಲ.

ಪ್ರೊಸೆಸರ್‌ನ ಹೆಸರನ್ನು ನೋಡಿಯೂ ಮರುಳಾಗಬೇಡಿ. ಮೀಡಿಯಾಟೆಕ್‌ನ ಡೈಮೆನ್ಸಿಟಿ 7050 ಎಂಬುದು 2022ರ ಡೈಮೆನ್ಸಿಟಿ 1080ರ ಮರುನಾಮಕರಣ, ಡೈಮೆನ್ಸಿಟಿ 6020 ಎಂಬುದು 2020ರ ಡೈಮೆನ್ಸಿಟಿ 700. ಹೆಸರು ಹೊಸದು, ಸರಕು ಹಳೆಯದು. ಅವು ಕೆಟ್ಟ ಚಿಪ್ಪುಗಳೆಂದು ನಾನು ಹೇಳುತ್ತಿಲ್ಲ. 1080 ಈ ವರ್ಗದಲ್ಲಿ ಒಳ್ಳೆಯದೇ. ಆದರೆ ಅಂಕಿ ದೊಡ್ಡದೆಂಬ ಕಾರಣಕ್ಕೆ ವೇಗವೂ ದೊಡ್ಡದೆಂದು ತಿಳಿಯಬಾರದು. ಅದರೊಳಗಿನ ದೊಡ್ಡ ಕೋರ್‌ಗಳು, ಅಂದರೆ ಭಾರದ ಕೆಲಸ ಮಾಡುವ ಘಟಕಗಳು, ಹೊಸದಾದ ಕಾರ್ಟೆಕ್ಸ್ ಎ78 ಆಗಿವೆಯೋ ಹಳೆಯ ಎ76 ಆಗಿವೆಯೋ, ಅಂಥವು ಎಷ್ಟಿವೆ ಎಂಬುದನ್ನು ನೋಡಿ. ಗೇಮ್ ಆಡದವರಿಗೂ ಇದು ಬೇಕು, ಏಕೆಂದರೆ ಆ್ಯಪ್‌ಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತವೆಯೇ ಹೊರತು ಹಗುರವಾಗುವುದಿಲ್ಲ.

ನಿಮ್ಮ ಎರಡು ಫೋನುಗಳ ಸ್ಟೋರೇಜ್ ಯಾವ ಬಗೆಯದು ಎಂದು ಮೊದಲು ಪತ್ತೆ ಮಾಡಿ ಬರೆಯಿರಿ. ನನ್ನ ಅನುಭವದಲ್ಲಿ ಯುಎಫ್‌ಎಸ್ ಇದ್ದರೆ ತಯಾರಕರು ಅದನ್ನು ಸಾರಿ ಹೇಳುತ್ತಾರೆ, ಇಲ್ಲದಿದ್ದರೆ "256 ಜಿಬಿ" ಎಂದಷ್ಟೇ ಬರೆದು ಸುಮ್ಮನಾಗುತ್ತಾರೆ.

ಕಿರುಬೆಳಕು

ಕ್ಯಾಮೆರಾದ ಬಗ್ಗೆ ಮಾತ್ರ ನನ್ನ ಮಾತು. 108 ಮೆಗಾಪಿಕ್ಸೆಲ್ ಸೆನ್ಸರ್ ಸಾಮಾನ್ಯವಾಗಿ ಅಕ್ಕಪಕ್ಕದ ಒಂಬತ್ತು ಪಿಕ್ಸೆಲ್‌ಗಳನ್ನು ಕೂಡಿಸಿ ಒಂದಾಗಿಸಿ 12 ಮೆಗಾಪಿಕ್ಸೆಲ್‌ನ ಫೋಟೋ ಕೊಡುತ್ತದೆ. 50 ಮೆಗಾಪಿಕ್ಸೆಲ್‌ನದು ನಾಲ್ಕನ್ನು ಕೂಡಿಸಿ 12.5 ಕೊಡುತ್ತದೆ. ಕೊನೆಗೆ ನಿಮ್ಮ ಕೈಗೆ ಬರುವ ಚಿತ್ರದ ಗಾತ್ರ ಹೆಚ್ಚುಕಡಿಮೆ ಒಂದೇ. ಸೆನ್ಸರ್‌ನ ಭೌತಿಕ ಅಳತೆ ಎಷ್ಟು, ಲೆನ್ಸ್ ಎಷ್ಟು ಬೆಳಕು ಬಿಡುತ್ತದೆ, ಫೋಟೋ ತೆಗೆದ ಮೇಲೆ ಫೋನಿನ ತಂತ್ರಾಂಶ ಅದನ್ನು ಹೇಗೆ ತಿದ್ದುತ್ತದೆ ಎಂಬುವೇ ವ್ಯತ್ಯಾಸ ಮಾಡುತ್ತವೆ. ಜತೆಗೆ ಕೊಡುವ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ ಮತ್ತು ಡೆಪ್ತ್ ಕ್ಯಾಮೆರಾಗಳು ಆಟಕ್ಕುಂಟು ಲೆಕ್ಕಕ್ಕಿಲ್ಲ.

ಒಐಎಸ್ ಇದ್ದರೆ ಕೈ ನಡುಗಿದಷ್ಟನ್ನೂ ಲೆನ್ಸ್ ಎದುರು ದಿಕ್ಕಿಗೆ ಸರಿದು ಸರಿದೂಗಿಸುತ್ತದೆ, ಆದ್ದರಿಂದ ಮಂದ ಬೆಳಕಿನಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿದ್ದರೂ ಗೋಡೆ, ಪುಸ್ತಕ, ಕೂತಿರುವ ಮನುಷ್ಯರು ಕದಡುವುದಿಲ್ಲ. ಆದರೆ ಎದುರಿಗಿರುವ ಮಗುವೇ ಓಡಿದರೆ ಒಐಎಸ್ ಏನೂ ಮಾಡಲಾರದು. ಇದನ್ನು ಹೇಳುವುದೇಕೆಂದರೆ ಒಐಎಸ್ ಇದೆಯೆಂದು ಕೊಂಡು ಆಮೇಲೆ ನಿರಾಶರಾದವರನ್ನು ಕಂಡಿದ್ದೇನೆ.

ನೀವು ಕಾಗದಪತ್ರಗಳ ಫೋಟೋ ತೆಗೆಯುವವರಾದ್ದರಿಂದ ಒಂದು ಸಣ್ಣ ಪರೀಕ್ಷೆ ಮಾಡಿ. ಸಣ್ಣ ಅಕ್ಷರಗಳಿರುವ ಮುದ್ರಿತ ಹಾಳೆಯೊಂದನ್ನು ಕೋಣೆಯ ದೀಪದ ಕೆಳಗೆ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಇಡೀ ಹಾಳೆ ಹಿಡಿಸುವಂತೆ ಎರಡೂ ಫೋನುಗಳಿಂದ ಫೋಟೋ ತೆಗೆದು, ಮಧ್ಯವನ್ನು ಬಿಟ್ಟು ನಾಲ್ಕು ಮೂಲೆಗಳನ್ನು ಹಿಗ್ಗಿಸಿ ನೋಡಿ. ಅಗ್ಗದ ಲೆನ್ಸಿನಲ್ಲಿ ಮಧ್ಯದ ಸಾಲುಗಳು ಕೊರೆದಂತಿದ್ದು, ಮೂಲೆಯ ಅಕ್ಷರಗಳು ಒದ್ದೆ ಕಾಗದದ ಮೇಲೆ ಬರೆದಂತೆ ಹರಡಿಕೊಂಡಿರುತ್ತವೆ.

ಮೂರನೇವರ್ಷ

ಮೇಲಿನವರು ಯಂತ್ರಾಂಶದ ಬಗ್ಗೆ ಹೇಳಿದ್ದಾರೆ. ನಾಲ್ಕು ವರ್ಷ ಇಟ್ಟುಕೊಳ್ಳುವವರು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅಪ್‌ಡೇಟ್‌ಗಳದ್ದು ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ: ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳು ಎಷ್ಟು ಸಲ ಸಿಗುತ್ತವೆ ಮತ್ತು ಭದ್ರತಾ ಅಪ್‌ಡೇಟ್‌ಗಳು ಎಷ್ಟು ವರ್ಷ ಬರುತ್ತವೆ. ಬ್ಯಾಂಕಿನ ಕೆಲಸವನ್ನು ಫೋನಿನಲ್ಲಿ ಮಾಡುವವರಿಗೆ ಎರಡನೆಯದೇ ಮುಖ್ಯ. ಗೂಗಲ್ 2015ರಿಂದ ಪ್ರತಿ ತಿಂಗಳೂ ಭದ್ರತಾ ದೋಷಗಳ ಪ್ರಕಟಣೆ ಹೊರಡಿಸುತ್ತಿದೆಯಾದರೂ, ಅದರ ತಿದ್ದುಪಡಿ ನಿಮ್ಮ ಫೋನಿಗೆ ತಲುಪುವುದು ತಯಾರಕರ ಇಚ್ಛೆಯಂತೆ. ಕೆಲವರು ತಿಂಗಳಿಗೊಮ್ಮೆ ಕಳುಹಿಸುತ್ತಾರೆ, ಕೆಲವರು ಮೂರು ತಿಂಗಳಿಗೊಮ್ಮೆ, ಇನ್ನು ಕೆಲವರು ನೆನಪಾದಾಗ.

ಈ ವರ್ಗದಲ್ಲಿ ಪರಿಸ್ಥಿತಿ ಈಚೆಗೆ ಸುಧಾರಿಸಿದೆ. 2024ರಲ್ಲಿ ಬಂದ ಪಿಕ್ಸೆಲ್ 8ಎಗೆ ಏಳು ವರ್ಷಗಳ ಅಪ್‌ಡೇಟ್‌ನ ಭರವಸೆ ಇದೆ, ಅದೇ ವರ್ಷದ ಗ್ಯಾಲಕ್ಸಿ ಎ16ಗೆ ಆಂಡ್ರಾಯ್ಡ್‌ನ ಆರು ಆವೃತ್ತಿಗಳ ಭರವಸೆ ಇದೆ. ಇವನ್ನೇ ಕೊಳ್ಳಿ ಎನ್ನುತ್ತಿಲ್ಲ, ಅಳತೆಗೋಲಾಗಿ ಇಟ್ಟುಕೊಳ್ಳಿ. ಎರಡೇ ವರ್ಷದ ಮಾತು ಕೊಡುವ ತಯಾರಕರು ಉಳಿದವರಿಗಿಂತ ಎಷ್ಟು ಹಿಂದಿದ್ದಾರೆಂಬುದು ಅದರಿಂದ ತಿಳಿಯುತ್ತದೆ. ಒಂದು ಎಚ್ಚರಿಕೆ: ಈ ವರ್ಷಗಳ ಎಣಿಕೆ ಸಾಮಾನ್ಯವಾಗಿ ಫೋನು ಮಾರುಕಟ್ಟೆಗೆ ಬಂದ ದಿನದಿಂದ ಶುರುವಾಗುತ್ತದೆ, ನೀವು ಕೊಂಡ ದಿನದಿಂದಲ್ಲ. ಬಿಡುಗಡೆಯಾಗಿ ಒಂದೂವರೆ ವರ್ಷವಾದ ಫೋನು ರಿಯಾಯಿತಿಯಲ್ಲಿ ಸಿಕ್ಕಿತೆಂದು ಹಿಗ್ಗುವ ಮೊದಲು ಅಷ್ಟು ಆಯುಷ್ಯವನ್ನು ಕಳೆದು ನೋಡಬೇಕು. ಪ್ರದರ್ಶನಕ್ಕಿಟ್ಟ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭದ್ರತಾ ಅಪ್‌ಡೇಟ್‌ನ ದಿನಾಂಕವನ್ನೂ ನೋಡಿ. ಪ್ರದರ್ಶನದ ಫೋನನ್ನು ಯಾರೂ ಅಪ್‌ಡೇಟ್ ಮಾಡದೆಯೂ ಇರಬಹುದು, ಆದ್ದರಿಂದ ಅದೊಂದನ್ನೇ ಸಾಕ್ಷಿಯೆಂದು ಹಿಡಿಯಬೇಡಿ. ಅದೇ ಫೋನನ್ನು ಬಳಸುತ್ತಿರುವವರನ್ನು ಕೇಳುವುದು ಮೇಲು.

ಚಾರ್ಜಿಂಗ್‌ನ 67 ವ್ಯಾಟ್ ಎಂಬುದು ಬ್ಯಾಟರಿ ಖಾಲಿಯಿದ್ದಾಗ ಕೆಲವು ನಿಮಿಷ ಮಾತ್ರ ಮುಟ್ಟುವ ಶಿಖರ, ಬ್ಯಾಟರಿ ತುಂಬುತ್ತ ಹೋದಂತೆ ಅದು ಇಳಿಯುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ಮಲಗುವವರಿಗೆ 25 ವ್ಯಾಟ್ ಧಾರಾಳವಾಯಿತು. ಬದಲಿಗೆ ಎಷ್ಟು ಆವರ್ತನೆಗಳ (ಪೂರ್ತಿ ತುಂಬಿ ಖಾಲಿಯಾಗುವ ಸುತ್ತುಗಳ) ನಂತರ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿಯುತ್ತದೆಂದು ಕೇಳಿ. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಜಾರಿಗೆ ತಂದ ನಿಯಮದ ಪ್ರಕಾರ 800 ಆವರ್ತನೆಗಳ ನಂತರವೂ 80% ಉಳಿದಿರಬೇಕು. ಅಲ್ಲಿ ಮಾರಾಟವಾಗುವ ಮಾದರಿಗಳ ವಿವರಪಟ್ಟಿಯಲ್ಲಿ ಈ ಸಂಖ್ಯೆ ಸಿಗುವುದರಿಂದ, ನೀವು ಬೇರೆಲ್ಲೇ ಇದ್ದರೂ ಅದನ್ನು ಹುಡುಕಿ ನೋಡಬಹುದು.

ನಿಧಾನಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಎರಡೂ ಫೋನುಗಳನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ಕಳೆದೆ. ತಿರುಪುಳಿಯವರು ಹೇಳಿದ್ದೇ ನಿಜವಾಯಿತು: ಎರಡನೆಯದರ ವಿವರಪಟ್ಟಿಯಲ್ಲಿ "ಯುಎಫ್‌ಎಸ್ 2.2" ಎಂದು ಸ್ಪಷ್ಟವಾಗಿ ಬರೆದಿದೆ, ಮೊದಲನೆಯದರಲ್ಲಿ ಬಗೆಯ ಮಾತೇ ಇಲ್ಲ. ಸಾಧನದ ಮಾಹಿತಿ ತೋರಿಸುವ ಆ್ಯಪ್ ಹಾಕಿ ನೋಡಿದಾಗ ಇಎಂಎಂಸಿ ಎಂದು ಬಂತು. ಹಾಳೆಯ ಮೂಲೆಗಳ ಪರೀಕ್ಷೆಯಲ್ಲಿ ಎರಡೂ ಅಷ್ಟಕ್ಕಷ್ಟೆ, ಎರಡನೆಯದು ಒಂದು ತೂಕ ಹೆಚ್ಚು. ಭದ್ರತಾ ಅಪ್‌ಡೇಟ್ ಮೊದಲನೆಯದಕ್ಕೆ ಮೂರು ವರ್ಷ, ಎರಡನೆಯದಕ್ಕೆ ಐದು.

ನಾನು ನಿರೀಕ್ಷಿಸದ ಇನ್ನೊಂದು ಸಂಗತಿಯೂ ನಡೆಯಿತು. ಮೊದಲನೆಯ ಫೋನಿಗೆ ನನ್ನ ಸಿಮ್ ಹಾಕಿ ಕರೆ ಮಾಡಿ ಕಿವಿಗಿಟ್ಟುಕೊಂಡು ಮಾತನಾಡುತ್ತಿದ್ದೆ. ಒಂದು ನಿಮಿಷದ ನಂತರ ಆ ಕಡೆಯವರು "ಹಲೋ, ಹಲೋ" ಎನ್ನತೊಡಗಿದರು. ಕೆಳಗಿಳಿಸಿ ನೋಡಿದರೆ ಪರದೆ ಬೆಳಗಿಕೊಂಡಿತ್ತು, ನನ್ನ ಕೆನ್ನೆಯೇ ಮ್ಯೂಟ್ ಗುಂಡಿಯನ್ನು ಒತ್ತಿಬಿಟ್ಟಿತ್ತು. ಇದು ಆ ಒಂದು ಫೋನಿನ ದೋಷವೋ ಮಾದರಿಯ ಗುಣವೋ?

ತಿರುಪುಳಿ

ಬಹುಮಟ್ಟಿಗೆ ಮಾದರಿಯ ಗುಣವೇ ಇರಬೇಕು. ಕರೆಯ ವೇಳೆ ಫೋನು ಕಿವಿಯ ಹತ್ತಿರ ಬಂದಿದೆಯೆಂದು ತಿಳಿಸುವ ಪ್ರಾಕ್ಸಿಮಿಟಿ ಸೆನ್ಸರ್ ಹಿಂದೆಲ್ಲ ಅವಗೆಂಪು ಕಿರಣದ ಒಂದು ಪುಟ್ಟ ಬಿಡಿಭಾಗವಾಗಿರುತ್ತಿತ್ತು. ಪರದೆಯ ಅಂಚನ್ನು ಕಿರಿದಾಗಿಸಲು ಮತ್ತು ಖರ್ಚು ಉಳಿಸಲು ಕೆಲವು ಮಾದರಿಗಳಲ್ಲಿ ಅದನ್ನು ಕೈಬಿಟ್ಟು, ಸ್ಪೀಕರ್‌ನಿಂದ ಮನುಷ್ಯರಿಗೆ ಕೇಳಿಸದ ಶಬ್ದ ಹೊರಡಿಸಿ ಮೈಕ್‌ನಲ್ಲಿ ಅದರ ಪ್ರತಿಧ್ವನಿ ಹಿಡಿಯುವ ಅಥವಾ ಫೋನಿನ ಚಲನೆಯಿಂದ ಊಹಿಸುವ ತಂತ್ರಾಂಶವನ್ನು ಇಡುತ್ತಾರೆ. ವಿವರಪಟ್ಟಿಯಲ್ಲಿ "ವರ್ಚುವಲ್ ಪ್ರಾಕ್ಸಿಮಿಟಿ" ಎಂದಿದ್ದರೆ ಇದೇ. ಕೆಲವು ಫೋನುಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕೆಲವದರಲ್ಲಿ ನಿಮಗಾದಂತೆ ಆಗುತ್ತದೆ. ನಿಮ್ಮ ಬಳಕೆಯ ಪಟ್ಟಿಯಲ್ಲಿ ಕರೆಯನ್ನೇ ಮೊದಲು ಬರೆದಿದ್ದೀರಿ, ಹಾಗಿರುವಾಗ ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಎರಡನೆಯದನ್ನು ಅಂತಿಮಗೊಳಿಸುವ ಮೊದಲು ರಾತ್ರಿಯ ವಿಡಿಯೊಗಾಗಿ ವೈಡ್‌ವೈನ್ (ವಿಡಿಯೊಗಳ ನಕಲು ತಡೆಯುವ ಗೂಗಲ್‌ನ ವ್ಯವಸ್ಥೆ) ಮಟ್ಟವನ್ನೂ ನೋಡಿಬಿಡಿ. ಅದೇ ಮಾಹಿತಿ ಆ್ಯಪ್‌ನಲ್ಲಿ ಎಲ್1 ಎಂದು ಇರಬೇಕು. ಎಲ್3 ಇದ್ದರೆ ನೆಟ್‌ಫ್ಲಿಕ್ಸ್‌ನಂಥವು ಎಷ್ಟೇ ಒಳ್ಳೆಯ ಪರದೆಗೂ ಮಸುಕು ಚಿತ್ರವನ್ನೇ ಕಳುಹಿಸುತ್ತವೆ.

ನಿಧಾನಿ

ಎಲ್1 ಇದೆ. ಎರಡನೆಯದನ್ನೇ ಕೊಳ್ಳುತ್ತಿದ್ದೇನೆ. 128 ಜಿಬಿಯನ್ನು ಪೂರ್ತಿ ತುಂಬಿಸದಂತೆ ನೋಡಿಕೊಳ್ಳುತ್ತೇನೆ. ಕೊನೆಯದೊಂದು ಪ್ರಶ್ನೆ: ಪೆಟ್ಟಿಗೆಯಲ್ಲಿ ಚಾರ್ಜರ್ ಬರುವುದಿಲ್ಲ. ನನ್ನ ಹಳೆಯ 18 ವ್ಯಾಟ್ ಚಾರ್ಜರ್ ಮತ್ತು ಅದರ ಕೇಬಲ್ ಬಳಸಿದರೆ ತೊಂದರೆಯಿದೆಯೇ?

ಮೂರನೇವರ್ಷ

ತೊಂದರೆಯಿಲ್ಲ, ನಿಧಾನವಾಗುತ್ತದೆ ಅಷ್ಟೆ. ಫೋನು ಮತ್ತು ಚಾರ್ಜರ್ ಮೊದಲು ಮಾತನಾಡಿಕೊಂಡು ಇಬ್ಬರಿಗೂ ಒಪ್ಪಿಗೆಯಾದಷ್ಟನ್ನೇ ಕೊಟ್ಟು ತೆಗೆದುಕೊಳ್ಳುತ್ತವೆ. ಪೂರ್ತಿ 25 ವ್ಯಾಟ್ ಬೇಕೆನಿಸಿದರೆ ಯುಎಸ್‌ಬಿ ಪಿಡಿ (ವೇಗದ ಚಾರ್ಜಿಂಗ್‌ನ ಸಾಮಾನ್ಯ ಮಾನದಂಡ) ಜತೆಗೆ ಪಿಪಿಎಸ್ (ಅದರಲ್ಲಿ ವೋಲ್ಟೇಜನ್ನು ಸಣ್ಣ ಹೆಜ್ಜೆಗಳಲ್ಲಿ ಹೊಂದಿಸುವ ಸೌಲಭ್ಯ) ಎಂದೂ ಬರೆದಿರುವ ಚಾರ್ಜರ್ ಕೊಳ್ಳಿ. ಆಗ ಕೇಬಲ್ ಎರಡೂ ತುದಿಯಲ್ಲಿ ಯುಎಸ್‌ಬಿ ಸಿ ಇರುವಂಥದ್ದಾಗಿರಬೇಕು. ಒಂದು ತುದಿ ಹಳೆಯ ಅಗಲವಾದ ಎ ಆಗಿದ್ದರೆ ಪಿಡಿ ನಡೆಯುವುದಿಲ್ಲ. ಸಿ ಯಿಂದ ಸಿ ಕೇಬಲ್‌ಗಳೆಲ್ಲವೂ 3 ಆಂಪಿಯರ್ ತಡೆಯುವಂತೆ ಮಾಡಿರುವುದರಿಂದ, 25 ವ್ಯಾಟ್‌ಗೆಂದು ವಿಶೇಷ ಕೇಬಲ್ ಹುಡುಕುವ ಅಗತ್ಯವಿಲ್ಲ.