ಗ್ರೂಪ್ ಪ್ರಶ್ನೋತ್ತರ: ಐಸಿಯು ರೋಗಿಗಳಲ್ಲಿ ಫಂಗಸ್ ಸೋಂಕು

ಸವಿತಾ (ಸ್ಟಾಫ್ ನರ್ಸ್): ನಮಸ್ತೆ ಮೇಡಂ. ಕರುಳಿನ ಆಪರೇಶನ್ ಆದ ಪೇಷಂಟ್, ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ), ಟಿಪಿಎನ್ (ರಕ್ತನಾಳದ ಮೂಲಕ ಕೊಡೋ ಆಹಾರ) ಹೋಗ್ತಿದೆ. ಆಂಟಿಬಯೋಟಿಕ್ ಮೆರೊಪೆನೆಮ್ ಕೊಟ್ಟರೂ ಜ್ವರ ಇಳಿದಿಲ್ಲ. ಬ್ಲಡ್ ಕಲ್ಚರ್‌ನ ಒಂದೇ ಬಾಟಲಿಯಲ್ಲಿ ಯೀಸ್ಟ್ (ಒಂದು ಬಗೆಯ ಫಂಗಸ್) ಬಂದಿದೆ. ಕಂಟಾಮಿನೇಶನ್ (ಹೊರಗಿಂದ ಸೇರಿದ್ದು) ಇರಬಹುದಾ?

ಡಾಕ್ಟರ್: ಖಂಡಿತ ಅಲ್ಲ. ರಕ್ತದಲ್ಲಿ ಯೀಸ್ಟ್ ಕಂಡರೆ ಒಂದೇ ಬಾಟಲಿಯಾದರೂ ಸೋಂಕೇ. ಯಾವ ಜಾತಿ ಅನ್ನೋ ರಿಪೋರ್ಟ್‌ಗೆ ಕಾಯದೆ ಇವತ್ತೇ ಶುರುವಾಗಬೇಕು: ಫಂಗಸ್ ಔಷಧ ಕ್ಯಾಸ್ಪೊಫಂಜಿನ್ ಮೊದಲ ದಿನ 70 ಮಿ.ಗ್ರಾಂ, ಆಮೇಲೆ ದಿನಕ್ಕೆ 50, ಸಲೈನ್‌ನಲ್ಲಿ, ಒಂದು ಗಂಟೆ ಡ್ರಿಪ್. ಡೆಕ್ಸ್ಟ್ರೋಸ್‌ನಲ್ಲಿ ಕೆಡುತ್ತೆ. ಆ ಲೈನ್ ತೆಗೆಸಿ. ಅದಕ್ಕೆ ಯೀಸ್ಟ್ ಪದರ ಕಟ್ಟಿಕೊಂಡಿರುತ್ತೆ. ಗೈಡ್‌ವೈರ್ (ಹಳೇ ಲೈನ್ ಒಳಗೆ ತೂರಿಸೋ ತಂತಿ) ಮೇಲೆ ಅಲ್ಲೇ ಹೊಸದು ಹಾಕಿ ಮುಗಿಸಬೇಡಿ. ದಿನ ಬಿಟ್ಟು ದಿನವಾದರೂ ಕಲ್ಚರ್ ಕಳಿಸಿ. ಔಷಧದ 14 ದಿನ ಎಣಿಸೋದು ಮೊದಲ ನೆಗೆಟಿವ್ ಕಲ್ಚರ್‌ನಿಂದ, ಔಷಧ ಶುರುಮಾಡಿದ ದಿನದಿಂದಲ್ಲ. ಹೆಚ್ಚಿನವರು ಎಡವೋದು ಇಲ್ಲೇ. ಡ್ರಾಪ್ಸ್ ಹಾಕಿಸಿ ರೆಟಿನಾ ನೋಡಿಸಿ. ಸೋಂಕು ಅಲ್ಲಿಗೆ ಇಳಿದಿದ್ದರೆ ಔಷಧ ಬದಲಿಸಬೇಕು, ಕ್ಯಾಸ್ಪೊಫಂಜಿನ್ ಕಣ್ಣಿನೊಳಗೆ ಸರಿಯಾಗಿ ಸೇರಲ್ಲ. ಲ್ಯಾಬ್‌ನವರು ‘ಕ್ಯಾಂಡಿಡಾ ಹೆಮ್ಯುಲೋನಿಯೈ’ (ಯೀಸ್ಟ್‌ನ ಒಂದು ಜಾತಿ) ಅಂದರೆ ಅನುಮಾನಪಡಿ, ಔಷಧಕ್ಕೆ ಬಗ್ಗದೆ ವಾರ್ಡಲ್ಲಿ ಹರಡೋ ಕ್ಯಾಂಡಿಡಾ ಆರಿಸ್ ಇರಬಹುದು. ಜಾತಿ ಖಚಿತಪಡಿಸೋ ಮಾಲ್ಡಿ-ಟಾಫ್ ಟೆಸ್ಟ್ ಕೇಳಿ, ಅಲ್ಲಿವರೆಗೆ ಪೇಷಂಟನ್ನು ಪ್ರತ್ಯೇಕ ಇಡಿ, ಮಂಚ ಒರೆಸೋದಕ್ಕೆ ಕ್ಲೋರಿನ್ ಬಳಸಿ.

ಮಂಜುನಾಥ್: ತಂದೆಗೆ ಯೂರಿನ್‌ನಲ್ಲಿ ಕ್ಯಾಂಡಿಡಾ ಬಂದಿದೆ. ಕ್ಯಾಥೆಟರ್ ಇದೆ, ಜ್ವರ ಇಲ್ಲ. ಫಂಗಸ್ ಮಾತ್ರೆ ಫ್ಲುಕೊನಜೋಲ್ ಬೇಕಾ?

ಡಾಕ್ಟರ್: ಬೇಡ. ಕ್ಯಾಥೆಟರ್ ತೆಗೆಸಿ, ಆಗದಿದ್ದರೆ ಬದಲಿಸಿ. ಬಿಳಿ ರಕ್ತಕಣ ತೀರಾ ಕಮ್ಮಿಯಿದ್ದರೆ, ಮೂತ್ರನಾಳದ ಆಪರೇಶನ್ ಇದ್ದರೆ ಬೇರೆ ಲೆಕ್ಕ.

ರೇಖಾ: ಕಫದಲ್ಲಿ ಬಂದರೆ?

ಡಾಕ್ಟರ್: ಬಾಯಿಯದ್ದು. ಅದಕ್ಕೊಂದಕ್ಕೇ ಔಷಧ ಬೇಡ.

ನಾಗರಾಜ್: ಯೂರಿನ್‌ನಲ್ಲಿ ಯೀಸ್ಟ್, ಜ್ವರ ಇಲ್ಲ. ಮಾತ್ರೆ ಹೇಳಿ.

ಡಾಕ್ಟರ್: ಮೇಲೆ ಓದಿ.

ಶಿವಣ್ಣ: ಫಾರ್ವರ್ಡ್ ಬಂದಿದ್ದು: ಪಟಿಕ, ಅರಿಶಿನ, ಕಲ್ಲುಪ್ಪು ಸಾಸಿವೆ ಎಣ್ಣೆಯಲ್ಲಿ ಕಲಸಿ ತಿಕ್ಕಿದರೆ ಕಪ್ಪು ಫಂಗಸ್ ಮಾಯ.

ಡಾಕ್ಟರ್: 2021ರ ಸರಕು, ಇನ್ನೂ ಸುತ್ತುತ್ತಿದೆ. ಶುಗರ್ ಇರುವವರಿಗೆ ಕೆನ್ನೆ ಮರಗಟ್ಟಿ, ಅಂಗುಳ ಕಪ್ಪಾಗಿ, ಕಣ್ಣು ಊದಿದರೆ ಅದೇ ದಿನ ಆಸ್ಪತ್ರೆ. ಸತ್ತ ಭಾಗ ಕೆತ್ತಿ ತೆಗೀಬೇಕು, ಫಂಗಸ್ ಔಷಧ ಲೈಪೊಸೋಮಲ್ ಆಂಫೊಟೆರಿಸಿನ್ ದಿನಕ್ಕೆ ಕೆ.ಜಿ.ಗೆ 5 ಮಿ.ಗ್ರಾಂ ಹೋಗಬೇಕು. ಪಟಿಕ ಕ್ಷೌರದಂಗಡಿಯಲ್ಲೇ ಇರಲಿ.

ರೇಖಾ: ನಾವು ಆಂಫೊಟೆರಿಸಿನ್ ಸಲೈನ್‌ನಲ್ಲೇ ಹಾಕ್ತೀವಿ.

ಸವಿತಾ: ಅಯ್ಯೋ! ಗಸಿ ಕಟ್ಟುತ್ತೆ. ವಯಲ್‌ಗೆ ಸ್ಟೆರೈಲ್ ವಾಟರ್, ಆಮೇಲೆ 5% ಡೆಕ್ಸ್ಟ್ರೋಸ್ ಮಾತ್ರ. ಲೈನ್ ಫ್ಲಶ್ ಕೂಡ ಡೆಕ್ಸ್ಟ್ರೋಸ್‌ನಲ್ಲೇ.

ರೇಖಾ: ಮೊದಲು 500 ಮಿ.ಲೀ. ಸಲೈನ್ ಅಂತ ಆರ್ಡರ್ ಇರುತ್ತಲ್ಲ?

ಸವಿತಾ: ಅದು ಕಿಡ್ನಿ ಉಳಿಸೋಕೆ, ಬೇರೆ ಬಾಟಲಿ. ಎರಡನ್ನೂ ಬೆರೆಸಿ ಅಂತ ಯಾರು ಹೇಳಿದ್ರು?

ರೇಖಾ: ನನಗೆ ಪಾಠ ಹೇಳಬೇಡಿ.

ಶಿವಣ್ಣ: ಕಿಡ್ನಿ ಹಾಳಾಗುತ್ತೆ ಅಂತ ನೀವೇ ಒಪ್ಪಿದಿರಲ್ಲ!

ಸವಿತಾ: ಅದಕ್ಕೇ ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿನಾ ನೋಡೋದು. ನಿಮ್ಮ ಎಣ್ಣೆಗೆ ಯಾವ ಟೆಸ್ಟ್ ಇದೆ?

ಡಾಕ್ಟರ್: ಡೆಕ್ಸ್ಟ್ರೋಸ್ ವಿಷಯದಲ್ಲಿ ಸವಿತಾ ಸರಿ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಗ್ರೂಪ್ ಬಿಡ್ತೀನಿ.

ನಾಗರಾಜ್: ಮೇಡಂ, ಮಾತ್ರೆ ಹೆಸರು?