ಅಪ್‌ಡೇಟ್: ನಿಂತುಹೋದ ಮಾಡೆಲ್‌ನ ಬಾಸ್ ಆಂಪ್ ರಿಪೇರಿ ಆಯ್ತು

ಹಿಂದೆ ಕೇಳಿದ್ದೆನಲ್ಲ, ಕಂಪನಿ ಯಾವತ್ತೋ ನಿಲ್ಲಿಸಿಬಿಟ್ಟಿರೋ ನನ್ನ ಬಾಸ್ ಆಂಪ್‌ನಲ್ಲಿ (ಬಾಸ್ ಗಿಟಾರ್‌ನ ಸೌಂಡ್ ಜೋರು ಮಾಡೋ ಆಂಪ್ಲಿಫೈಯರ್) ನುಡಿಸ್ತಾ ನುಡಿಸ್ತಾ ಸೌಂಡ್ ಇದ್ದಕ್ಕಿದ್ದಂಗೆ ಇಳಿದುಹೋಗುತ್ತೆ, ಜೋರಾಗಿ ಒಂದು ನೋಟ್ ಹೊಡೆದ್ರೆ ವಾಪಸ್ ಬರುತ್ತೆ, ಜೊತೆಗೆ ಯಾವಾಗ್ಲೂ ಗುಂಯ್ ಅನ್ನೋ ಹಮ್ ಬೇರೆ ಅಂತ. ಎರಡೂ ಸರಿಹೋಯ್ತು.

ಎಫೆಕ್ಟ್ಸ್ ಲೂಪ್‌ನ (ಹೊರಗಿನ ಎಫೆಕ್ಟ್ ಪೆಡಲ್ ಸೇರಿಸೋಕೆ ಆಂಪ್‌ನಲ್ಲಿರೋ ಎರಡು ಜಾಕ್, ಸಿಗ್ನಲ್ ಹೊರಗೆ ಹೋಗೋದು ಸೆಂಡ್, ವಾಪಸ್ ಬರೋದು ರಿಟರ್ನ್) ಸೆಂಡ್‌ನಿಂದ ರಿಟರ್ನ್‌ಗೆ ಒಂದು ಚಿಕ್ಕ ಕೇಬಲ್ ಹಾಕಿ ನೋಡಿ ಅಂದಿದ್ರಲ್ಲ, ಅವರಿಗೆ ದೊಡ್ಡ ಥ್ಯಾಂಕ್ಸ್. ಹಾಕಿದ ತಕ್ಷಣ ಸೌಂಡ್ ಗಟ್ಟಿಯಾಗಿ ನಿಂತ್ಕೊಳ್ತು. ರಿಟರ್ನ್ ಜಾಕ್ ಒಳಗೆ, ಪ್ಲಗ್ ಇಲ್ಲದಾಗ ಸಿಗ್ನಲ್ ದಾಟಿಸೋಕೆ ಒಂದು ಸಣ್ಣ ಕಾಂಟ್ಯಾಕ್ಟ್ ಇರುತ್ತಂತೆ, ಲೂಪ್ ಬಳಸದೇ ವರ್ಷಗಟ್ಟಲೆ ಬಿಟ್ರೆ ಅದಕ್ಕೆ ಕಿಲುಬು ಕಟ್ಟುತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪ್ಲಗ್‌ನ ಒಳಗೆ ಹೊರಗೆ ಆಡಿಸಿದೆ, ಈಗ ಕೇಬಲ್ಲೂ ಬೇಡ.

ಹಮ್‌ಗೆ ಕಾರಣ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್‌ಗಳು, ಅಂದ್ರೆ ಕರೆಂಟ್‌ನ ಏರಿಳಿತ ಸಮ ಮಾಡೋ ಪಾರ್ಟ್‌ಗಳು. ಅದನ್ನ ನಾನೇ ಮುಟ್ಟಲಿಲ್ಲ, ಕರೆಂಟ್ ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು, ಟೆಕ್ನಿಷಿಯನ್ ಕೈಗೇ ಕೊಟ್ಟೆ. ಒರಿಜಿನಲ್ ಪಾರ್ಟೇ ಬೇಕು ಅಂತೇನಿಲ್ಲ ಅಂದ್ರು: ಮೈಕ್ರೋಫ್ಯಾರಡ್ (ಚಾರ್ಜ್ ಹಿಡಿಯೋ ಸಾಮರ್ಥ್ಯದ ಅಳತೆ) ಅಷ್ಟೇ ಇರ್ಬೇಕು, ವೋಲ್ಟ್ ರೇಟಿಂಗ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿ ಬಿಸಿ ತಡೆಯೋದಾದ್ರೆ ಒಳ್ಳೇದು, ಬೋರ್ಡ್ ಮೇಲೆ ಕೂತ್ರೆ ಆಯ್ತು. ನಿಜವಾದ ತಲೆನೋವು ಟ್ರಾನ್ಸ್‌ಫಾರ್ಮರ್ ಹೋದ್ರೆ, ಆಮೇಲೆ ಆ ಹಾಳು ನಾಬ್‌ಗಳು, ಒಂದು ಕಳೆದ್ರೂ ಅದೇ ಥರದ್ದು ಸಿಗಲ್ಲ.

ಇನ್ನೊಂದು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಸೇರಿಸಬಹುದಾ ಅಂತ ಯಾರೋ ಕೇಳಿದ್ರು. ನನ್ನ ಆಂಪ್ ಹಿಂದೆ ಸ್ಪೀಕರ್‌ನ ರೆಸಿಸ್ಟೆನ್ಸ್ ಕನಿಷ್ಠ 4 ಓಮ್ ಇರ್ಬೇಕು ಅಂತ ಬರೆದಿದೆ, 8 ಓಮ್‌ನ ಎರಡು ಪ್ಯಾರಲಲ್ ಹಾಕಿದ್ರೆ ಸರಿಯಾಗಿ 4, ಅದಕ್ಕಿಂತ ಕೆಳಗೆ ಹೋಗಲ್ಲ ನಾನು.