ಸಹಾಯ ಬೇಕು: ಈಡಿಪಸ್, ಮ್ಯಾಕ್‌ಬೆತ್ ಇಬ್ಬರ ದೋಷವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದಾ?

ಎಲ್ಲರಿಗೂ ನಮಸ್ಕಾರ. ದುರಂತ ನಾಯಕರ ದೋಷಗಳನ್ನು ಹೋಲಿಸಿ ಒಂದು ಪ್ರಬಂಧ ಬರೆಯಬೇಕಿದೆ. ಶೇಕ್ಸ್‌ಪಿಯರ್‌ನ ಒಥೆಲೋನದು ಅಸೂಯೆ, ಅವನದೇ ಮ್ಯಾಕ್‌ಬೆತ್‌ನದು ಅಧಿಕಾರದಾಸೆ, ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್‌ನದು ಅಹಂಕಾರ ಅಂತ ಗೈಡುಗಳಲ್ಲಿ ಸಲೀಸಾಗಿ ಬರೆದುಬಿಟ್ಟಿರುತ್ತಾರೆ. ನನಗೆ ತೊಡಕಾಗಿರುವುದು ಈಡಿಪಸ್ ಹತ್ತಿರ.

ಮ್ಯಾಕ್‌ಬೆತ್ ಎಲ್ಲ ಗೊತ್ತಿದ್ದೇ ಮಾಡುತ್ತಾನೆ. ಡಂಕನ್ ತನ್ನ ರಾಜ, ನೆಂಟ, ಮೇಲಾಗಿ ಮನೆಗೆ ಬಂದ ಅತಿಥಿ, ಕೊಲ್ಲಬಾರದು ಅಂತ ಅವನೇ ಲೆಕ್ಕ ಹಾಕುತ್ತಾನೆ. ಆಮೇಲೂ ಕಠಾರಿ ಹಿಡಿಯುತ್ತಾನೆ. ಈಡಿಪಸ್‌ಗೆ ಏನು ಗೊತ್ತಿತ್ತು? ಮೂರು ದಾರಿ ಕೂಡುವಲ್ಲಿ ಜಗಳವಾಡಿ ಕೊಂದವನು ತನ್ನ ತಂದೆ ಅಂತಲೇ ತಿಳಿದಿರಲಿಲ್ಲ. ಸಿಟ್ಟು ಜಾಸ್ತಿ, ನಿಜ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಮೇಲೆ ಹಾರಾಡುವುದನ್ನು ನೋಡಿದರೆ ಸಾಕು. ಆದರೆ ನಾಟಕದೊಳಗೆ ಅವನನ್ನು ಮುಳುಗಿಸುವುದು ಸತ್ಯ ತಿಳಿಯಲೇಬೇಕೆಂಬ ಹಟ. ಹೆಂಡತಿ ಯೊಕಾಸ್ಟ (ಅವಳೇ ಅವನ ತಾಯಿ ಅಂತ ಆಮೇಲೆ ತಿಳಿಯುತ್ತದೆ) ಬೇಡ ಬೇಡ ಅಂತ ಗೋಗರೆದರೂ ತನ್ನ ಹುಟ್ಟಿನ ಗುಟ್ಟು ಬಲ್ಲ ಕುರುಬನನ್ನು ಕರೆಸಿಯೇ ಬಿಡುತ್ತಾನೆ. ಊರಿಗೆ ಬಂದ ಪಿಡುಗು ತೊಲಗಲಿ ಅಂತ ತಾನೇ ಹಿಂದಿನ ರಾಜನನ್ನು ಕೊಂದವರು ಯಾರು ಅನ್ನೋ ಈ ವಿಚಾರಣೆ ಶುರುವಾದದ್ದು? ಅದನ್ನು ದೋಷ ಅನ್ನೋದು ಹೇಗೆ?

ನಾಯಕ ಬೀಳುವುದು ಕೆಟ್ಟತನದಿಂದಲ್ಲ, ಯಾವುದೋ ತಪ್ಪಿನಿಂದ ಅನ್ನುತ್ತಾನೆ ಅರಿಸ್ಟಾಟಲ್. ಹಾಗಾದರೆ ಮ್ಯಾಕ್‌ಬೆತ್ ಆ ಚೌಕಟ್ಟಿಗೆ ಹೊಂದುವುದೇ ಇಲ್ಲ ಅಲ್ವಾ?

ಗೊತ್ತಿದ್ದು ಕೆಟ್ಟವರು, ಗೊತ್ತಿಲ್ಲದೆ ಕೆಟ್ಟವರು ಅಂತ ವಿಂಗಡಿಸೋಣ ಅಂದುಕೊಂಡಿದ್ದೇನೆ. ಆಗ ಒಂದು ಕರವಸ್ತ್ರವನ್ನೇ ಹಾದರಕ್ಕೆ ಸಾಕ್ಷಿ ಅಂತ ನಂಬಿ ಹೆಂಡತಿಯನ್ನೇ ಕೊಂದ ಒಥೆಲೋ ಯಾವ ಕಡೆ? ಭಾಸನ 'ಊರುಭಂಗ'ದ ದುರ್ಯೋಧನನನ್ನೂ ಸೇರಿಸುವ ಆಸೆಯಿದೆ. ಅವನ ತಪ್ಪುಗಳೆಲ್ಲ ನಾಟಕಕ್ಕೆ ಮುಂಚೆಯೇ ಮುಗಿದಿರುತ್ತವೆ, ಸೇರಿಸಿದರೆ ಎಡವಟ್ಟಾಗುತ್ತಾ? ಪಾಠ ಮಾಡುವವರು, ಆಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.